ಹಸಿವೂ ಧರ್ಮವೂ: ಮೂರು ಸಣ್ಣ ಕತೆಗಳ ವಿಚಾರ

ಹಸಿದವನಿಗೆ ಧರ್ಮವುಂಟೆ ಎಂಬ ಪ್ರಶ್ನೆ ಬಹು ಹಳೆಯದು. ಪ್ರಾಣ ಹೋದರೂ ನೀತಿಯನ್ನು ಬಿಡಲಾಗದು ಎಂದು ಕೆಲವರು ಹೇಳುವರು. ಹೊಟ್ಟೆಗಿಲ್ಲದವನಿಗೆ ಎಲ್ಲಿಯ ನೀತಿ ಎಂದು ಮತ್ತೆ ಕೆಲವರು ಹೇಳುವರು. ಈ ಎರಡು ಮಾತುಗಳೂ ಉಂಡಮೇಲೆ ಎಲೆಯಡಕೆ ಮೆಲ್ಲುತ್ತ ಆಡಬಹುದಾದ ಮಾತುಗಳೇ. ಒಳ್ಳೆಯ ಕತೆಗಾರನು ಇವುಗಳಿಗೆ ಅಷ್ಟು ಸುಲಭವಾಗಿ ತಲೆದೂಗುವವನಲ್ಲ. ಹಸಿದವನೊಬ್ಬನನ್ನು ನಮ್ಮ ಕಣ್ಣೆದುರಿಗೆ ತಂದು ನಿಲ್ಲಿಸಿ, ಇವನು ಮಾಡುವುದನ್ನು ನೋಡಿ ಎಂದು ತಾನು ಸುಮ್ಮನಾಗುತ್ತಾನೆ. ಅಂತಹ ಮೂರು ಪ್ರಸಿದ್ಧ ಕತೆಗಳನ್ನು ವಾಚಕರೊಡನೆ ಕುಳಿತು ವಿಚಾರಿಸಬೇಕೆಂದು ನಮ್ಮ ಬಯಕೆ. ಒಂದು ಜಪಾನಿನದು, ಒಂದು ಫ್ರಾನ್ಸಿನದು, ಒಂದು ನಮ್ಮ ದೇಶದ್ದೇ.

ಕತೆಗಳಿಗೆ ಹೋಗುವ ಮುನ್ನ, ನಮ್ಮಲ್ಲಿಯೇ ಇರುವ ಒಂದು ಅಳತೆಗೋಲನ್ನು ಕೈಗೆ ತೆಗೆದುಕೊಳ್ಳೋಣ. ಛಾಂದೋಗ್ಯೋಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣನೆಂಬಾತನ ವೃತ್ತಾಂತವುಂಟು. ಕುರುದೇಶದ ಪೈರೆಲ್ಲ ಹಾಳಾಗಿ ಕ್ಷಾಮ ಬಂದಿದ್ದಿತು. ಆತನು ಹೆಂಡತಿಯೊಡನೆ ಆನೆಯವನೊಬ್ಬನ ಊರಿನಲ್ಲಿ ಕಷ್ಟದಿಂದ ದಿನ ನೂಕುತ್ತಿದ್ದನು. ಆ ಆನೆಯವನು ಒಂದು ದಿನ ಕಾಳು ತಿನ್ನುತ್ತ ಕುಳಿತಿರುವುದನ್ನು ಕಂಡು ಕೈಯೊಡ್ಡಿದನು. ತಾನು ತಿನ್ನುತ್ತಿರುವುದರ ಹೊರತು ಬೇರೆ ಏನೂ ಇಲ್ಲವೆಂದು ಅವನು ಹೇಳಲು, ಅದನ್ನೇ ಕೊಡೆಂದು ಬೇಡಿ ತಿಂದನು. ಬಳಿಕ ಅವನು ತನ್ನ ನೀರನ್ನೂ ಕೊಡಬಂದಾಗ, ಅದು ಎಂಜಲು, ಬೇಡವೆಂದನು. ಕಾಳೂ ಎಂಜಲಾಗಿರಲಿಲ್ಲವೆ ಎಂಬ ಪ್ರಶ್ನೆ ಬಂದಿತು. ಕಾಳು ಇಲ್ಲದಿದ್ದರೆ ತಾನು ಬದುಕುತ್ತಿರಲಿಲ್ಲ, ನೀರಾದರೋ ಎಲ್ಲಿ ಬೇಕಾದರೂ ದೊರೆಯುವುದು ಎಂಬ ಅರ್ಥದ ಉತ್ತರವನ್ನು ಉಷಸ್ತಿ ಕೊಟ್ಟನು. ಅನಂತರ ಉಳಿದ ಕಾಳನ್ನು ಹೆಂಡತಿಗಾಗಿ ಮನೆಗೆ ಒಯ್ದನು.

ಎಂಜಲಿನ ಕಟ್ಟಳೆಯನ್ನು ಇಂದು ಯಾರು ಹೇಗೆ ಎಣಿಸಿದರೂ ಎಣಿಸಲಿ. ಇಲ್ಲಿ ಗಮನಿಸತಕ್ಕದ್ದು ಆತನು ನಿಂತ ಸ್ಥಳವನ್ನು. ಪ್ರಾಣಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ನಿಯಮವನ್ನು ದಾಟಿದನು. ಅಗತ್ಯವು ತೀರಿದೊಡನೆ ತಾನಾಗಿಯೇ ನಿಂತನು. ಈ ನಿಲುಗಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಜಪಾನಿನ ಅಕುತಗಾವ ರ್ಯುನೊಸುಕೆ ಎಂಬ ಲೇಖಕನು ‘ರಾಶೋಮೊನ್’ ಎಂಬ ಕತೆಯನ್ನು 1915ರಲ್ಲಿ ಪ್ರಕಟಿಸಿದನು. ಆಗ ಅವನಿಗೆ 23 ವಯಸ್ಸು. ರಾಶೋಮೊನ್ ಎಂಬುದು ಕ್ಯೋಟೋ ರಾಜಧಾನಿಯ ಹೆಬ್ಬಾಗಿಲು. ಭೂಕಂಪ, ಸುಂಟರಗಾಳಿ, ಬೆಂಕಿ, ಬರಗಾಲಗಳಿಂದ ನಗರವು ಹಾಳುಬಿದ್ದು, ಅನಾಥ ಹೆಣಗಳನ್ನು ಆ ಬಾಗಿಲ ಮೇಲಿನ ಅಟ್ಟದಲ್ಲಿ ಎಸೆದುಹೋಗುವ ಕಾಲ. ಒಡೆಯನು ನಾಲ್ಕೈದು ದಿನಗಳ ಹಿಂದೆ ಕೆಲಸದಿಂದ ಬಿಡಿಸಿದ ಆಳೊಬ್ಬನು ಮಳೆಯ ಸಂಜೆ ಅಲ್ಲಿ ಕುಳಿತಿದ್ದಾನೆ. ಸಾಯಬೇಕು, ಇಲ್ಲವೆ ಕಳ್ಳನಾಗಬೇಕು. ಎರಡನೆಯದಕ್ಕೆ ಧೈರ್ಯ ಸಾಲದು. ರಾತ್ರಿ ಕಳೆಯಲೆಂದು ಮೇಲೆ ಹತ್ತಿದರೆ, ಒಬ್ಬ ಮುದುಕಿ ಹೆಣದ ತಲೆಯಿಂದ ಕೂದಲು ಕೀಳುತ್ತಿದ್ದಾಳೆ. ಅವನಿಗೆ ಅಸಹ್ಯವೂ ಕೋಪವೂ ಉಕ್ಕುತ್ತವೆ. ಆ ಗಳಿಗೆಯಲ್ಲಿ ಕೇಳಿದ್ದರೆ, ಉಪವಾಸದಿಂದ ಸಾಯುವುದೇ ಮೇಲೆಂದು ಅವನು ಸಂದೇಹವಿಲ್ಲದೆ ಹೇಳುತ್ತಿದ್ದನು. ಮುದುಕಿ ತನ್ನ ಸಮಾಧಾನವನ್ನು ಹೇಳಿಕೊಳ್ಳುತ್ತಾಳೆ: ಈ ಸತ್ತವಳು ಹಾವಿನ ಮಾಂಸವನ್ನು ಒಣಮೀನೆಂದು ಮಾರಿ ಬದುಕಿದವಳು, ಹಾಗೆ ಮಾಡದಿದ್ದರೆ ಸಾಯುತ್ತಿದ್ದಳು, ನಾನೂ ಈ ಕೂದಲಿನಿಂದ ಚೌರಿ ಮಾಡಿ ಮಾರದಿದ್ದರೆ ಸಾಯುವೆನು. ಇದನ್ನು ಕೇಳಿದ ಆಳು ಅದೇ ನ್ಯಾಯವನ್ನು ಅವಳ ಮೇಲೆಯೇ ತಿರುಗಿಸಿ, ಅವಳ ಮೈಮೇಲಿನ ಬಟ್ಟೆಯನ್ನು ಕಿತ್ತುಕೊಂಡು ಕತ್ತಲೆಯಲ್ಲಿ ಮರೆಯಾಗುತ್ತಾನೆ.

ಇಲ್ಲಿ ವಿಚಾರ ಮಾಡಬೇಕಾದ ಒಂದು ಅಂಶವುಂಟು. ಅಟ್ಟ ಹತ್ತುವಾಗ ಇದ್ದ ಹಸಿವೇ ಇಳಿಯುವಾಗಲೂ ಇದ್ದಿತು, ಅದು ಹೆಚ್ಚಲಿಲ್ಲ. ಹೆಚ್ಚಿದ್ದು ಒಂದು ನೆಪ. ನಾಲ್ಕು ದಿನದ ಉಪವಾಸವು ಮಾಡಲಾರದುದನ್ನು ನಾಲ್ಕು ಮಾತು ಮಾಡಿತು. ಮೋಸಗಾತಿಯ ಮೇಲೆ ಮುದುಕಿ, ಮುದುಕಿಯ ಮೇಲೆ ಆಳು ಹೀಗೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಮೆಟ್ಟಿಲಾಗುತ್ತದೆ. ಉಷಸ್ತಿಗೆ ಇದ್ದ ನಿಲುಗಡೆ ಈ ಮೆಟ್ಟಿಲುಗಳಲ್ಲಿ ಎಲ್ಲಿಯೂ ಕಾಣದು.

ಇನ್ನು ಫ್ರಾನ್ಸಿಗೆ ಬರೋಣ. ಮೊಪಾಸಾನ ‘ಬೂಲ್ ದ ಸುಯಿಫ್’ 1880ರಲ್ಲಿ ಪ್ರಕಟವಾಯಿತು. ಕತೆಯ ಕಾಲವು 1870ರಲ್ಲಿ ಆರಂಭವಾದ ಫ್ರಾನ್ಸ್–ಪ್ರಷ್ಯಾ ಯುದ್ಧದ್ದು. ಶತ್ರುಗಳ ವಶವಾದ ರೂವಾನ್ ಪಟ್ಟಣದಿಂದ 10 ಜನ ಒಂದು ಕುದುರೆಗಾಡಿಯಲ್ಲಿ ಹೊರಡುತ್ತಾರೆ. ಶ್ರೀಮಂತ ದಂಪತಿಗಳು ಮೂವರು, ಸನ್ಯಾಸಿನಿಯರಿಬ್ಬರು, ಪ್ರಜಾಪಕ್ಷದವನೊಬ್ಬ, ಅವರ ನಡುವೆ ಒಬ್ಬ ವೇಶ್ಯೆ. ಹಿಮ ಬಿದ್ದ ದಾರಿ, ಹೊತ್ತು ಏರಿತು, ಯಾರ ಬಳಿಯೂ ಬುತ್ತಿಯಿಲ್ಲ, ಆ ಹೆಂಗಸೊಬ್ಬಳ ಹೊರತು. ಆಕೆ ಬುಟ್ಟಿಯನ್ನು ಬಿಚ್ಚಿ ಎಲ್ಲರಿಗೂ ನೀಡುತ್ತಾಳೆ. ಬೆಳಗ್ಗೆ ಮುಖ ತಿರುಗಿಸಿದ್ದ ಕುಲಸ್ತ್ರೀಯರೂ ತಿನ್ನುತ್ತಾರೆ. ಮುಂದಿನ ಊರಿನಲ್ಲಿ ಶತ್ರುವಿನ ಅಧಿಕಾರಿಯೊಬ್ಬನು, ಆಕೆ ತನ್ನ ಇಚ್ಛೆಗೆ ಒಳಪಡುವವರೆಗೆ ಗಾಡಿಯನ್ನು ಬಿಡೆನೆಂದು ಹಟ ಹಿಡಿಯುತ್ತಾನೆ. ದೇಶಾಭಿಮಾನದಿಂದ ಆಕೆ ಒಪ್ಪುವುದಿಲ್ಲ. ಆಗ ಸಹಪ್ರಯಾಣಿಕರು ಪುರಾತನ ವೀರಸ್ತ್ರೀಯರ ಉದಾಹರಣೆಗಳನ್ನು ಪೋಣಿಸತೊಡಗುತ್ತಾರೆ. ಉದ್ದೇಶವು ಶುದ್ಧವಾದರೆ ಕೃತ್ಯಕ್ಕೆ ದೋಷವಿಲ್ಲವೆಂದು ಸನ್ಯಾಸಿನಿಯೊಬ್ಬಳ ಬಾಯಿಂದಲೂ ಬರುತ್ತದೆ. ಕೊನೆಗೆ ಆಕೆ ಸೋಲುತ್ತಾಳೆ. ಮರುದಿನ ಗಾಡಿ ಹೊರಟಾಗ ಎಲ್ಲರಿಗೂ ಬುತ್ತಿಯುಂಟು. ಗಡಿಬಿಡಿಯಲ್ಲಿ ಬಂದ ಆಕೆಗಿಲ್ಲ. ಒಬ್ಬರೂ ಒಂದು ತುತ್ತು ಕೊಡುವುದಿಲ್ಲ. ಆಕೆ ಅಳುತ್ತಿರುವಲ್ಲಿ ಕತೆ ಮುಗಿಯುತ್ತದೆ.

ಈ ಜನರಿಗೆ ಪ್ರಾಣಭಯವಿತ್ತೆ? ಇರಲಿಲ್ಲ; ಪ್ರಯಾಣವು ತಡವಾಗುತ್ತಿತ್ತು, ಅಷ್ಟೆ. ರಾಶೋಮೊನ್ನಿನ ಆಳಿಗೆ ಹೊಟ್ಟೆಯ ನೆಪವಾದರೂ ಇದ್ದಿತು. ಇವರು ತಮ್ಮ ಸೌಕರ್ಯಕ್ಕೆ ‘ಅನಿವಾರ್ಯ’ ಎಂಬ ಹೆಸರಿಟ್ಟು, ಅದರ ಬೆಲೆಯನ್ನು ಇನ್ನೊಬ್ಬಳಿಂದ ಕೊಡಿಸಿ, ಕೊಟ್ಟವಳನ್ನೇ ಹೇಸಿದರು. ಆಪದ್ಧರ್ಮದ ಮಾತು ಆಪತ್ತಿನಲ್ಲಿರುವವನಿಗಿಂತ ಆಪತ್ತಿಲ್ಲದವನ ನಾಲಗೆಯ ಮೇಲೆ ಚೆನ್ನಾಗಿ ಹೊರಳುತ್ತದೆಯೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೂರನೆಯದು ಪ್ರೇಮಚಂದರ ‘ಕಫನ್’. 1935ರಲ್ಲಿ ಉರ್ದುವಿನಲ್ಲಿಯೂ, ಅವರು ತೀರಿಕೊಂಡ ವರ್ಷವಾದ 1936ರಲ್ಲಿ ಹಿಂದಿಯಲ್ಲಿಯೂ ಅಚ್ಚಾದ ಈ ಕತೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುವಂತಹುದು. ಕಫನ್ ಎಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ಚಳಿಗಾಲದ ರಾತ್ರಿ ಗುಡಿಸಲೊಳಗೆ ಬುಧಿಯಾ ಹೆರಿಗೆಯ ನೋವಿನಿಂದ ಒದ್ದಾಡುತ್ತಿದ್ದಾಳೆ. ಹೊರಗೆ ಅವಳ ಗಂಡ ಮಾಧವ, ಮಾವ ಘೀಸೂ ಕದ್ದು ತಂದ ಆಲೂಗಡ್ಡೆಯನ್ನು ಸುಟ್ಟು ತಿನ್ನುತ್ತಿದ್ದಾರೆ. ತಾನು ಎದ್ದು ಒಳಗೆ ಹೋದರೆ ತಂದೆ ಹೆಚ್ಚು ಗಡ್ಡೆಗಳನ್ನು ತಿಂದುಬಿಡುವನೆಂಬ ಭಯದಿಂದ ಮಾಧವ ಏಳುವುದಿಲ್ಲ. ಉಷಸ್ತಿ ಉಳಿದ ಕಾಳನ್ನು ಹೆಂಡತಿಗೆ ಒಯ್ದುದನ್ನು ಇಲ್ಲಿ ನೆನೆಯದೆ ಇರಲಾಗದು. ಬೆಳಗಾಗುವಾಗ ಅವಳು ಸತ್ತಿದ್ದಾಳೆ. ಜಮೀನ್ದಾರನು ಬೇಸರದಿಂದ 2 ರೂಪಾಯಿ ಎಸೆಯುತ್ತಾನೆ. ಅದನ್ನು ಕಂಡು ಉಳಿದವರೂ ಕೊಡುತ್ತಾರೆ. 5 ರೂಪಾಯಿ ಕೂಡುತ್ತದೆ. ಕಫನ್ ತರಲು ಪೇಟೆಗೆ ಹೋದ ತಂದೆಮಕ್ಕಳು ಹೆಂಡದಂಗಡಿಯನ್ನು ಹೊಕ್ಕು ಅದನ್ನೆಲ್ಲ ಕುಡಿದು ತಿಂದು ಮುಗಿಸುತ್ತಾರೆ.

ಓದುವಾಗ ಇವರನ್ನು ಶಪಿಸದವರಿಲ್ಲ. ಆದರೆ ಪ್ರೇಮಚಂದರು ಅಷ್ಟಕ್ಕೆ ಬಿಡುವುದಿಲ್ಲ. ಹಗಲಿರುಳು ದುಡಿದವನ ಗತಿಯೂ ಈ ಸೋಮಾರಿಗಳ ಗತಿಗಿಂತ ಬಹಳ ಮೇಲಾಗಿರದ ಊರು ಅದು. ಈ 5 ರೂಪಾಯಿ ಮೊದಲೇ ಬಂದಿದ್ದರೆ ಔಷಧವನ್ನಾದರೂ ಕೊಡಿಸಬಹುದಿತ್ತೆಂದು ಅವರೇ ಆಡಿಕೊಳ್ಳುತ್ತಾರೆ. ಅದು ಕುಡುಕರ ಮಾತು, ನಿಜ. ಆದರೂ ಊರಿನವರ ಕಿವಿಗೆ ಬೀಳಬೇಕಾದ ಮಾತು. ಹೊಟ್ಟೆ ತುಂಬಿದ ಮೇಲೆ ಮಾಧವನು ಉಳಿದ ಪೂರಿಗಳನ್ನು ಎದುರಿಗೆ ನಿಂತ ಭಿಕ್ಷುಕನಿಗೆ ಕೊಟ್ಟು, ಕೊಡುವುದರ ಹೆಮ್ಮೆಯನ್ನು ಜನ್ಮದಲ್ಲಿ ಮೊದಲ ಬಾರಿಗೆ ಅನುಭವಿಸುತ್ತಾನೆ. ಸತ್ತವಳ ಹಣದಿಂದ ಮಾಡಿದ ದಾನ! ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದು.

ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮಗೆ ತೋರುವುದಿಷ್ಟು. ಹಸಿವಿನಿಂದ ನಿಯಮ ಮುರಿದವನು ಅಷ್ಟಕ್ಕೇ ಕೆಡುವುದಿಲ್ಲ. ಹಸಿವು ತೀರಿದ ಮೇಲೆಯೂ ಅದರ ನೆಪವನ್ನು ಬಿಡದವನು ಕೆಡುತ್ತಾನೆ. ನಮ್ಮಂತಹ ಗೃಹಸ್ಥರು ತಮ್ಮನ್ನು ಈ ಕತೆಗಳಲ್ಲಿ ಎಲ್ಲಿ ಹುಡುಕಿಕೊಳ್ಳಬೇಕು? ಅಟ್ಟದ ಮೇಲಾಗಲಿ ಹೆಂಡದಂಗಡಿಯಲ್ಲಾಗಲಿ ಬಹುಶಃ ನಾವಿಲ್ಲ. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡ ಆ ಗಾಡಿಯಲ್ಲಿರಬಹುದು; ಔಷಧಕ್ಕೆ ಬಾರದೆ ಹೆಣದ ಬಟ್ಟೆಗೆ ಬಂದ ಆ 5 ರೂಪಾಯಿಯಲ್ಲಿ ನಮ್ಮದೂ ಒಂದಿರಬಹುದು. ಬಾಗಿಲಿಗೆ ಬಂದವನ ಯೋಗ್ಯತೆಯನ್ನು ಪರೀಕ್ಷಿಸುವ ಚಪಲ ನಮಗೆ ಹುಟ್ಟಿದಾಗ ಉಷಸ್ತಿಯ ವೃತ್ತಾಂತದ ಆ ಇನ್ನೊಬ್ಬನನ್ನು ಸ್ಮರಿಸುವುದು ಒಳ್ಳೆಯದು. ಅವನು ಉಪದೇಶ ಮಾಡಲಿಲ್ಲ, ಯೋಗ್ಯತೆಯನ್ನು ವಿಚಾರಿಸಲಿಲ್ಲ. ಇದ್ದುದು ತನ್ನ ಮುಂದಿನ ಕಾಳು ಮಾತ್ರ, ಅದರಲ್ಲಿಯೇ ಕೊಟ್ಟನು. ಉಪನಿಷತ್ತು ಅವನ ಹೆಸರನ್ನು ಹೇಳಿಲ್ಲ. ಅವನ ಕಾಳು ಉಷಸ್ತಿಯ ಪ್ರಾಣವನ್ನು ಉಳಿಸಿತು.