ತೋಳಿನಿಂದ ಕೊಳವೆಗೆ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಎಂದೊಡನೆ ನೆನಪಾಗುವುದು ಶಿಂಷಾ ನದಿಯ ಜಲಾಶಯ, ಅದರ ತಾನೇ ತಾನಾಗಿ ಕೆಲಸ ಮಾಡುವ ಸೈಫನ್. ನೀರು ಮಟ್ಟ ಮೀರಿದರೆ ಗೇಟು ಎತ್ತಲು ಯಾರೂ ಬೇಕಿಲ್ಲ. ಮೇಲೇರಿದ ನೀರು ಕೊಳವೆಯೊಳಗಿನ ಗಾಳಿಯನ್ನು ಹೊರಹಾಕುತ್ತದೆ, ಆಗ ಒಳಗೆ ಒತ್ತಡ ತಗ್ಗಿ ಹಿಂದಿನ ನೀರು ತಾನಾಗಿ ನುಗ್ಗಿ ಬರುತ್ತದೆ. ಇದೇ ಊರಿನವರು ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಆಸ್ಪತ್ರೆಗೆ ಹೋದಾಗ ಇದಕ್ಕೆ ಹತ್ತಿರದ ತತ್ವವೊಂದು ಅವರ ತೋಳಿಗೇ ಬಂದು ಕೂರುತ್ತದೆ. ಬಣ್ಣದ ಮುಚ್ಚಳದ ಸಣ್ಣ ಕೊಳವೆಯೊಳಗೆ ಮೊದಲೇ ಗಾಳಿ ತೆಗೆದಿರುತ್ತಾರೆ. ಸೂಜಿ ರಕ್ತನಾಳ ಮುಟ್ಟಿದೊಡನೆ ಬೇಕಾದಷ್ಟೇ ರಕ್ತ ಒಳಗೆ ಬಂದು ನಿಲ್ಲುತ್ತದೆ. 1940ರ ದಶಕದಲ್ಲಿ ಅಮೆರಿಕದ ಜೋಸೆಫ್ ಕ್ಲೈನರ್ ರೂಪಿಸಿದ ಉಪಾಯವಿದು.

ಕೊಳವೆ ತಾನಾಗಿ ತುಂಬಿಕೊಳ್ಳುತ್ತದೆ, ನಿಜ. ಉಳಿದದ್ದನ್ನೆಲ್ಲ ಮಾಡಬೇಕಾದವರು ಒಬ್ಬರಿದ್ದಾರೆ. ಅವರಿಗೆ ಕನ್ನಡದಲ್ಲಿ ಸರಿಯಾದ ಹೆಸರೇ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ 'ಫ್ಲೆಬಾಟಮಿಸ್ಟ್' ಎನ್ನುತ್ತಾರೆ. ಹಳ್ಳಿಯ ಕಡೆ ಸಾಮಾನ್ಯವಾಗಿ ಲ್ಯಾಬ್ ಟೆಕ್ನಿಷಿಯನ್ನರೇ ಈ ಕೆಲಸವನ್ನೂ ಮಾಡುತ್ತಾರೆ, ಜನರ ಬಾಯಲ್ಲಿ ಅವರು 'ರಕ್ತ ತೆಗೆಯೋರು'. ಆ ಇಂಗ್ಲಿಷ್ ಪದದ ಗ್ರೀಕ್ ಮೂಲಕ್ಕೆ ರಕ್ತನಾಳವನ್ನು ಕೊಯ್ಯುವುದು ಎಂಬ ಅರ್ಥ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ತೀರ ಹತ್ತಿರದ ಮಾತು ಬಹಳ ಹಿಂದೆಯೇ ಇತ್ತು: ಸಿರಾವೇಧ. ಸುಶ್ರುತ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯ ಪೂರ್ತಿ ಇದೇ ವಿಷಯಕ್ಕೆ ಮೀಸಲು. ಕೈಯಿಂದ ರಕ್ತ ತೆಗೆಯಬೇಕಾದರೆ ರೋಗಿಯನ್ನು ಸುಖವಾಗಿ ಕೂರಿಸಿ, ಹೆಬ್ಬೆರಳು ಒಳಗಿಟ್ಟು ಮುಷ್ಟಿ ಹಿಡಿಸಿ, ಮೇಲೆ ಪಟ್ಟಿ ಬಿಗಿಯಬೇಕು ಎನ್ನುತ್ತದೆ ಅದು. ಇಂದಿನ ಲ್ಯಾಬಿನ ಕುರ್ಚಿಯಲ್ಲಿ ಕೂತವರಿಗೆ ಇದು ಹೊಸದೆನಿಸದು.

ವ್ಯತ್ಯಾಸವಿರುವುದು ರಕ್ತ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ಅಂದು ಕೆಟ್ಟ ರಕ್ತವೆಂದು ಹೊರಗೆ ಚೆಲ್ಲುತ್ತಿದ್ದರು. ಮೃದು ಶರೀರದವರಿಗೆ ಜಿಗಣೆ ಹಚ್ಚುತ್ತಿದ್ದರು. ಇಂದು ಓದುವುದಕ್ಕೆಂದು ತೆಗೆಯುತ್ತಾರೆ. ಓದುವ ರಕ್ತ ಹಳ್ಳಿಯ ಮನೆಬಾಗಿಲಿಗೆ ಬಂದದ್ದು ಮುಖ್ಯವಾಗಿ ಮಲೇರಿಯಾದಿಂದ. 1958ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾದ ಮೇಲೆ ಆರೋಗ್ಯ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಚೂರಿನ ಮೇಲೆ ಒಂದು ಹನಿ ಸವರಿಕೊಂಡು, ಬಂದ ತಾರೀಖನ್ನು ಗೋಡೆಯ ಮೇಲೆ ಬರೆದು ಹೋಗುವ ಏರ್ಪಾಡು ಬಂತು. ಆನೆಕಾಲು ರೋಗವಿದ್ದ ಕಲಬುರಗಿ, ರಾಯಚೂರು ಕಡೆಗಳಲ್ಲಿ ಈ ಕೆಲಸ ಕತ್ತಲಾದ ಮೇಲೆ. ಆ ರೋಗದ ಮರಿಹುಳುಗಳು ರಾತ್ರಿಯ ಹೊತ್ತಿನಲ್ಲೇ ಹೆಚ್ಚಾಗಿ ಹೊರಮೈಯ ರಕ್ತಕ್ಕೆ ಬರುತ್ತವೆ. ನಿದ್ದೆಗಣ್ಣಿನವರನ್ನು ಎಬ್ಬಿಸಿ ಬೆರಳು ಕೇಳುವುದು ಎಂಥ ಪಾಡು ಎಂದು ಓದುಗರೇ ಊಹಿಸಿಕೊಳ್ಳಬಹುದು.

ಇಷ್ಟೆಲ್ಲ ಎಳೆದರೆ ಮೈಯಲ್ಲಿ ಏನುಳಿದೀತು ಎಂಬ ಭಯ ಈಗಲೂ ಹೋಗಿಲ್ಲ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಸಾಮಾನ್ಯ ಪರೀಕ್ಷೆಗಳಿಗೆ ತೆಗೆಯುವುದು 5ರಿಂದ 10 ಮಿಲಿಲೀಟರ್, ಅಂದರೆ ಒಂದೆರಡು ಚಹಾ ಚಮಚ.

ನಿಜವಾಗಿ ಭಯಪಡಬೇಕಾದ ವಿಷಯ ಬೇರೆ ಇದೆ, ಅದು ಹೆಸರು. ಇದು ಎಡೆಯೂರು ಸಿದ್ಧಲಿಂಗೇಶ್ವರರ ಸೀಮೆ. ಒಂದೇ ಬೆಳಿಗ್ಗೆ ಒಂದೇ ಬೆಂಚಿನ ಮೇಲೆ ಇಬ್ಬರು ಸಿದ್ಧಲಿಂಗಯ್ಯ, ಮೂವರು ಲಕ್ಷ್ಮಮ್ಮ ಕೂತಿದ್ದರೆ ಆಶ್ಚರ್ಯವಿಲ್ಲ. 'ಲಕ್ಷ್ಮಮ್ಮ ನೀವೇ ತಾನೆ?' ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ ಹೂಂ ಎಂದುಬಿಡುತ್ತಾರೆ. ಆಸ್ಪತ್ರೆಯಲ್ಲಿ ಇಲ್ಲವೆನ್ನಲು ನಮ್ಮ ಹಿರಿಯರಿಗೆ ಸಂಕೋಚ. ಆದ್ದರಿಂದಲೇ 'ಅಜ್ಜಿ, ನಿಮ್ಮ ಹೆಸರೇನು, ಯಜಮಾನರ ಹೆಸರೇನು, ವಯಸ್ಸೆಷ್ಟು' ಎಂದು ಅವರ ಬಾಯಿಂದಲೇ ಹೇಳಿಸಬೇಕು, ಕೊಳವೆಯ ಚೀಟಿಯನ್ನು ಅವರ ಮುಂದೆಯೇ ಬರೆಯಬೇಕು ಎಂಬ ನಿಯಮ. ಚೀಟಿ ಅದಲುಬದಲಾದರೆ ಒಬ್ಬರ ಸಕ್ಕರೆಗೆ ಇನ್ನೊಬ್ಬರು ಮಾತ್ರೆ ನುಂಗುತ್ತಾರೆ. ಯಂತ್ರಕ್ಕೆ ಅದು ಗೊತ್ತಾಗುವುದೇ ಇಲ್ಲ. ಕೊಟ್ಟ ರಕ್ತವನ್ನು ಅದು ಸರಿಯಾಗಿಯೇ ಅಳೆದಿರುತ್ತದೆ!

ಮುಚ್ಚಳದ ಬಣ್ಣಗಳೂ ಅಲಂಕಾರಕ್ಕಲ್ಲ. ರಕ್ತಕಣಗಳನ್ನು ಎಣಿಸಲು ನೇರಳೆ ಮುಚ್ಚಳದ್ದು. ಅದರಲ್ಲಿ ಹೆಪ್ಪುಗಟ್ಟದಂತೆ ತಡೆಯುವ, ಪೊಟ್ಯಾಸಿಯಂ ಇರುವ ಲವಣವಿದೆ. ಅದರ ರಕ್ತವನ್ನು ಕೆಂಪು ಮುಚ್ಚಳದ್ದಕ್ಕೆ ಸುರಿದರೆ ಪೊಟ್ಯಾಸಿಯಂ ವಿಪರೀತವಿದೆಯೆಂದು ವರದಿ ಬಂದು ವೈದ್ಯರು ಗಾಬರಿಯಾಗಬೇಕಾಗುತ್ತದೆ. ರಬ್ಬರ್ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಟ್ಟರೂ, ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದು ಬಿಡಿಸಿದರೂ ಕೆಲವು ಅಂಕಿಗಳು ಏರುಪೇರಾಗುತ್ತವೆ. ಸಕ್ಕರೆಗೆ ಬೂದು ಮುಚ್ಚಳದ್ದು. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಸಕ್ಕರೆ ತಿನ್ನುವುದನ್ನು ಬಿಡುವುದಿಲ್ಲ, ಗಂಟೆಗೆ ಶೇಕಡಾ 5ರಿಂದ 7ರಷ್ಟು ಕರಗಿಸುತ್ತವೆ. ಹಳ್ಳಿಯಲ್ಲಿ ತೆಗೆದ ರಕ್ತ ಬೈಕಿನ ಮೇಲೆ ತುಮಕೂರು ಸೇರುವ ಹೊತ್ತಿಗೆ ಕಾಯಿಲೆಯೇ ಮರೆಯಾದೀತು. ಅದನ್ನು ತಡೆಯಲು ಈ ಕೊಳವೆಯಲ್ಲಿ ಫ್ಲೋರೈಡ್ ಇರುತ್ತದೆ. ಇದೇ ಜಿಲ್ಲೆಯ ಪಾವಗಡದಲ್ಲಿ ಕುಡಿಯುವ ನೀರಿಗೆ ಸೇರಿ ಮೂಳೆ ಬಾಗಿಸಿದ ಫ್ಲೋರೈಡ್ ಇಲ್ಲಿ ಉಪಕಾರಿ.

ತೆಗೆಯುವವರಿಗೂ ಅಪಾಯವಿಲ್ಲದಿಲ್ಲ. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಸುಮಾರು ಶೇಕಡಾ 0.3, ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಲ್ಲಿ, ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು ಎನ್ನುವುದು ಇದಕ್ಕಾಗಿಯೇ. ಹೊರಗೆ ಸಾಲು ಬೆಳೆದು ಜನ ಬೇಗ ಬೇಗ ಎಂದು ಗದರುವಾಗ ಕೈ ತಪ್ಪುವ ಸಂಭವ ಹೆಚ್ಚೆಂಬುದನ್ನು ಸಾಲಿನಲ್ಲಿ ನಿಂತವರು ಅರಿತರೆ ಒಳ್ಳೆಯದು.

ಸೂಜಿ ತೆಗೆದ ಮೇಲೆ ಬಹುಮಂದಿ ಮಾಡುವುದು ಹತ್ತಿಯಿಟ್ಟು ಮೊಣಕೈ ಮಡಚುವುದು. ಬೇಡ. ಕೈಯನ್ನು ನೇರವಾಗಿ ಚಾಚಿ, ಹತ್ತಿಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಬೇಕು. ಮಡಚಿದರೆ ಚರ್ಮದಡಿ ರಕ್ತ ಜಿನುಗಿ ಮರುದಿನ ಆ ಜಾಗ ನೀಲಿಗಟ್ಟುತ್ತದೆ.