ಗಾಡಿಯ ಆರೈಕೆ, ಮೆಕ್ಯಾನಿಕ್‌ನ ಬಾಕಿ

ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ಬಯಲು ಊರುಗಳಲ್ಲಿ ಮೋಟಾರ್ ಸೈಕಲ್ಲಿಗೆ ಧೂಳಿನ ಕಾಟ. ಅಲ್ಲಿಯವರು ಏರ್ ಫಿಲ್ಟರನ್ನು ಮೇಲಿಂದ ಮೇಲೆ ಕೊಡವಬೇಕು. ನಮ್ಮ ತೋಟದ ದಾರಿಯಲ್ಲಾದರೋ ಮಳೆಗಾಲದ ಕೆಸರು ಚೈನನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಡೀಸೆಲ್ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎಣ್ಣೆ ಬಿಡಿ. ಅತಿಯಾಗಿ ಬಿಗಿಯಬೇಡಿ.

ಇಷ್ಟು ಮನೆಯಲ್ಲೇ ಆದೀತು. ಉಳಿದದ್ದಕ್ಕೆ ಮೆಕ್ಯಾನಿಕ್ ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ಓಡುತ್ತಿದ್ದರೆ ಅದು ಹಳೆಯ ಮೆಕ್ಯಾನಿಕ್‌ಗಳ ಕೈಗುಣ, ಅವರನ್ನು ಕೈಬಿಡದ ಸವಾರರ ನಿಷ್ಠೆ. ಅವುಗಳದು ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಳೆ ಕತ್ತರಿಸುವ ಅನೇಕ ಯಂತ್ರಗಳದೂ ಇದೇ ಸ್ವಭಾವ. ಯೆಜ್ಡಿ ಬಲ್ಲವರಿಗೆ ಅವೂ ಒಗ್ಗುತ್ತವೆ.

ಪ್ಲಗ್ ಒರೆಸಿಕೊಟ್ಟು 'ಇರಲಿ ಬಿಡಿ' ಎನ್ನುವ ಮೆಕ್ಯಾನಿಕ್ ಕಾಸು ಕೇಳುವುದಿಲ್ಲ. ದೊಡ್ಡ ಕೆಲಸದ ಹಣವನ್ನೂ 'ಅಡಿಕೆ ಮಾರಿದ ಮೇಲೆ' ಎಂದು ಮುಂದೂಡುವವರಿದ್ದಾರೆ. ಬಿಡಿಭಾಗಗಳನ್ನು ಅವರು ನಗದು ಕೊಟ್ಟೇ ತರಬೇಕಲ್ಲ! ಬೇಸತ್ತು ಅವರು ಪಟ್ಟಣ ಸೇರಿದರೆ, ಆಷಾಢದ ಮಳೆಯ ನಡುವೆ ಬೋರ್ಡೋ ಹೊಡೆಯುವ ಪಂಪು ಕೈಕೊಟ್ಟಾಗ ಯಾರನ್ನು ಕರೆಯೋಣ? ಕೊಳೆರೋಗ ನಮಗಾಗಿ ಕಾಯುವುದಿಲ್ಲ. ಮುಂಗಾರಿಗೆ ಮೊದಲೇ ಗಾಡಿ, ಪಂಪು ಎರಡನ್ನೂ ಅವರಲ್ಲಿ ಬಿಟ್ಟು, ಹಳೆಯ ಬಾಕಿ ತೀರಿಸಿ ಬರೋಣ.