ಹೃದಯದ ಬಲ ಮರಳಿದ ಮೇಲೆ ಗುಳಿಗೆ ಬಿಡಬಹುದೆ?

“ಕಾಲಿನ ಬಾವು ಇಳಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಎಕೋ ಪರೀಕ್ಷೆಯೂ ಚೆನ್ನಾಗಿ ಬಂದಿದೆ, ಇನ್ನು ಇಂಗ್ಲಿಷ್ ಔಷಧಿ ನಿಲ್ಲಿಸಿ ತಮ್ಮ ಕಷಾಯವನ್ನಷ್ಟೇ ಸೇವಿಸಲೆ?” ಎಂದು ನಮ್ಮನ್ನು ಕೇಳುವವರು ಅನೇಕರು. ಆಯುರ್ವೇದ ವೈದ್ಯರಾದ ನಮ್ಮಿಂದ ‘ಆಗಲಿ’ ಎಂಬ ಉತ್ತರವನ್ನೇ ಅವರು ನಿರೀಕ್ಷಿಸಿರುತ್ತಾರೆ. ನಾವು ಹಾಗೆ ಹೇಳುವುದಿಲ್ಲ.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ಒತ್ತಲಾರದೆ ಸೋಲುವುದು. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಹೋಗುತ್ತದೆ ಎಂಬುದನ್ನು ಎಕೋ ವರದಿಯಲ್ಲಿ ‘ಇ.ಎಫ್.’ ಎಂದು ಬರೆದಿರುತ್ತಾರೆ. 60 ಎಂದು ಬರೆದಿದ್ದರೆ ಹೃದಯದ 40 ಪಾಲು ಕೆಟ್ಟಿದೆಯೆಂದು ಗಾಬರಿಗೊಂಡು ಬಂದವರನ್ನು ನಾವು ಕಂಡಿದ್ದೇವೆ. ಆರೋಗ್ಯವಂತರಲ್ಲಿಯೂ ಅದು ನೂರು ಮುಟ್ಟುವುದಿಲ್ಲ. 60 ಉತ್ತಮವಾದ ಅಂಕಿಯೇ. 40 ಅಥವಾ ಅದಕ್ಕಿಂತ ಕೆಳಗಿದ್ದರೆ ಮಾತ್ರ ಸಂಕೋಚನ ಶಕ್ತಿ ನಿಶ್ಚಯವಾಗಿ ಕುಂದಿದೆಯೆಂದು ಅರ್ಥ.

ಕುಂದಿದ ಶಕ್ತಿ ಮರಳಿದವರು ಗುಳಿಗೆ ಬಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಯನ್ನೇ ಬ್ರಿಟನ್ನಿನ ವೈದ್ಯರು ಪರೀಕ್ಷೆಗೊಡ್ಡಿದರು. ಹೃದಯ ಹಿಗ್ಗಿ ದುರ್ಬಲವಾಗಿದ್ದು, ಚಿಕಿತ್ಸೆಯಿಂದ ಇ.ಎಫ್. 50 ದಾಟಿ, ಯಾವ ಲಕ್ಷಣವೂ ಉಳಿಯದಿದ್ದ 51 ಮಂದಿಯನ್ನು ಆರಿಸಿಕೊಂಡರು. 25 ಮಂದಿಗೆ ಔಷಧಿಗಳನ್ನು ಹಂತಹಂತವಾಗಿ ನಿಲ್ಲಿಸಿದರು. 26 ಮಂದಿಗೆ ಮುಂದುವರಿಸಿದರು. ಆರು ತಿಂಗಳೊಳಗೆ ನಿಲ್ಲಿಸಿದವರಲ್ಲಿ 11 ಮಂದಿಗೆ ರೋಗ ಮರುಕಳಿಸಿತು; ಮುಂದುವರಿಸಿದವರಲ್ಲಿ ಒಬ್ಬರಿಗೂ ಇಲ್ಲ. ತರುವಾಯ ಈ ಗುಂಪಿನ 25 ಮಂದಿಗೂ ನಿಲ್ಲಿಸಲಾಗಿ, ಅವರಲ್ಲಿಯೂ 9 ಮಂದಿಗೆ ಮರುಕಳಿಸಿತು. ಅವರೆಲ್ಲರೂ ವೈದ್ಯರ ನಿಕಟ ನಿಗಾದಲ್ಲಿದ್ದರೆಂಬುದನ್ನು ಮರೆಯಬಾರದು. 2018ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಒಂದು ಬಗೆಯ ಹೃದ್ರೋಗಕ್ಕೆ ಸೀಮಿತವಾದುದು. ಆದರೂ ಪೂರ್ಣ ಗುಣವಾದಂತೆ ಕಂಡವರ ಸ್ಥಿತಿಯೇ ಹೀಗಾದರೆ, ಅರೆಗುಣವಾದವರು ತಾವಾಗಿಯೇ ಔಷಧಿ ಬಿಡುವುದು ಎಂಥ ಸಾಹಸ!

ಇದಕ್ಕೆ ಕಾರಣವಿದೆ. ಹೃದಯ ಸೋತಾಗ ದೇಹವು ಅಡ್ರಿನಲಿನ್‌ನಂಥ ಸ್ರಾವಗಳಿಂದ ಅದನ್ನು ಚುರುಕುಗೊಳಿಸುತ್ತದೆ, ಮೂತ್ರಪಿಂಡಗಳು ಉಪ್ಪು-ನೀರನ್ನು ಹಿಡಿದಿಡುತ್ತವೆ. ಕೆಲಕಾಲ ಇದು ಉಪಕಾರಿ. ತಿಂಗಳುಗಟ್ಟಲೆ ನಡೆದರೆ ದಣಿದ ಎತ್ತಿಗೆ ಬಾರುಕೋಲಿನ ಏಟು. ಔಷಧಿಗಳು ಈ ಏಟನ್ನು ತಡೆಯುತ್ತವೆ. ನಾವು ಓದುತ್ತಿದ್ದ ಕಾಲಕ್ಕೆ ಬೀಟಾ ಬ್ಲಾಕರ್ ಗುಳಿಗೆಗಳನ್ನು ಈ ರೋಗಿಗಳಿಗೆ ಕೊಡಲೇಬಾರದೆಂಬುದು ಪಾಠವಾಗಿತ್ತು. ಸ್ವೀಡನ್ನಿನ ಗೋಟೆಬರ್ಗ್‌ನ ವೈದ್ಯರು 1975ರಲ್ಲಿಯೇ ಏಳು ರೋಗಿಗಳಲ್ಲಿ ಅವುಗಳ ಗುಣ ಕಂಡು ಬರೆದಿದ್ದರೂ ಬಹುಕಾಲ ಅನೇಕರು ನಂಬಲಿಲ್ಲ. 1999ರಲ್ಲಿ 2647 ರೋಗಿಗಳ ಯುರೋಪಿನ ಅಧ್ಯಯನ ಪ್ರಕಟವಾಯಿತು: ಬಿಸೊಪ್ರೊಲಾಲ್ ಪಡೆದವರಲ್ಲಿ ಶೇ. 11.8, ಪಡೆಯದವರಲ್ಲಿ ಶೇ. 17.3 ಸಾವು. ಅಲ್ಪ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುವುದೇ ಇದರ ಮರ್ಮ.

ಇನ್ನು ನಮ್ಮ ಹೊಳೆಮತ್ತಿ, ಅಂದರೆ ಅರ್ಜುನ. ಚಕ್ರದತ್ತನು ಹೃದ್ರೋಗಕ್ಕೆ ಹೇಳಿದ ಈ ಮರದ ತೊಗಟೆಯಲ್ಲಿ ನಮಗೆ ಗೌರವವಿದೆ. ದೆಹಲಿಯ ಏಮ್ಸ್ ವೈದ್ಯರು 100 ರೋಗಿಗಳಲ್ಲಿ, ರೂಢಿಯ ಔಷಧಿಗಳ ಜೊತೆಗೆ, ಇದರ ಸಾರವನ್ನು 12 ವಾರ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರ ಶ್ರಮಸಹನೆ ಸುಧಾರಿಸಿತು; ಇ.ಎಫ್. ಏರಲಿಲ್ಲ. ನಮ್ಮ ಮನಸ್ಸಿಗೆ ಹಿತವಾಗದಿದ್ದರೂ ಇದನ್ನು ಒಪ್ಪಬೇಕು. ಅರ್ಜುನವು ಆ ಗುಳಿಗೆಗಳ ಬದಲಿಗಲ್ಲ. ಕೊಡುವುದಾದರೂ ಜೊತೆಗೆ, ಹೃದಯತಜ್ಞರಿಗೆ ತಿಳಿಸಿಯೇ ಕೊಡಬೇಕು.

ನಮ್ಮ ಔಷಧಿಗಳಲ್ಲಿಯೂ ಎಚ್ಚರ ಬೇಕು. ಲವಣಭಾಸ್ಕರ ಚೂರ್ಣದಲ್ಲಿ ಉಪ್ಪೇ ಹೇರಳ. ಜೇಷ್ಠಮಧು ಹೆಚ್ಚಾದರೆ ದೇಹದಲ್ಲಿ ಉಪ್ಪು-ನೀರು ನಿಂತು ಪೊಟ್ಯಾಸಿಯಂ ಇಳಿಯುತ್ತದೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳೂ ನೀರನ್ನು ತಡೆಹಿಡಿಯುತ್ತವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ.

ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ಉಪಾಹಾರಕ್ಕೆ ಮುನ್ನ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿರಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಏದುಸಿರು ಬರುವವರೆಗೆ ಕಾಯದೆ ಅಂದೇ ವೈದ್ಯರನ್ನು ಕಾಣಿರಿ.